ಏಳು ಸಮುದ್ರ ಈಜಿದವನು ಕೆರೆಗಿಳಿದದ್ದು

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಹೊನ್ನಗಟ್ಟ ಅಂತ ಒಂದು ರಾಜ್ಯವಿತ್ತು. ಅದಕ್ಕೊಬ್ಬ ದೊರೆ, ಹೆಸರು ಬೊಮ್ಮರಸ. ಕಿವಿ ದೊಡ್ಡದು, ತಲೆ ಚಿಕ್ಕದು. ಗಟ್ಟಿಯಾಗಿ ಹೇಳಿದ್ದೆಲ್ಲ ನಿಜ, ಮೆಲ್ಲಗೆ ಹೇಳಿದ್ದೆಲ್ಲ ಸುಳ್ಳು. ಇದು ಅವನ ನ್ಯಾಯ.

ಆ ರಾಜ್ಯಕ್ಕೆ ಇದ್ದದ್ದು ಒಂದೇ ಕೆರೆ. ಗದ್ದೆಗೆ ನೀರು ಹರಿಯಬೇಕಾದರೆ ಒಬ್ಬ ಮುಳುಗಿ, ತಳದಲ್ಲಿರುವ ತೂಬಿನ ಬೆಣೆ ಕೀಳಬೇಕು. ಆ ಕೆಲಸ ನೀರುಗಂಟಿಯದು. ನೀರುಗಂಟಿ ಗಿಡ್ಡಯ್ಯ ಅಜ್ಜನ ಕಾಲದ ಬೆತ್ತ ಹಿಡಿದು ಅದನ್ನೇ ಮಾಡಿಕೊಂಡು ಬಂದಿದ್ದ. ಬೆತ್ತವಿಲ್ಲದವನು ತೂಬು ಮುಟ್ಟಿದರೆ ಕೈ ಕಡಿಯುತ್ತಿದ್ದರು. ಇನ್ನೊಂದು ಕಟ್ಟಳೆಯಿತ್ತು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಏರಿಯ ಮೇಲೆ ಒಬ್ಬ ಹಿಡಿದಿರಬೇಕು. ದೊರೆ ಎದುರಿಗಿದ್ದರೆ ಅವನ ಅಪ್ಪಣೆಯಿಲ್ಲದೆ ಎಳೆಯುವಂತಿಲ್ಲ.

ಹೀಗಿರುವಾಗ ಆಸ್ಥಾನಕ್ಕೆ ಒಬ್ಬ ಬಂದ. ಹೆತ್ತವರು ಇಟ್ಟ ಹೆಸರು ಚೆನ್ನಿಗ. ತಾನೇ ಇಟ್ಟುಕೊಂಡದ್ದು ಪ್ರಚಂಡಪ್ಪ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜಾತಿ.

ಮೊದಲನೇ ದಿನ ಅವನೆಂದ: "ಮಹಾಪ್ರಭು, ನಾನು ಏಳು ಸಮುದ್ರ ಈಜಿದವನು. ತಳದಲ್ಲಿ ಮೂರು ದಿನ ಮಲಗಿದ್ದೆ. ಮೀನುಗಳು ಬಾಲದಲ್ಲಿ ಗಾಳಿ ಬೀಸಿದವು."

ದೊರೆ ಶಾಲು ಹೊದಿಸಿದ.

ಎರಡನೇ ದಿನ ಅವನೆಂದ: "ಮಹಾಪ್ರಭು, ಮೊಸಳೆಯೊಂದು ನನ್ನ ಮುಂದೆ ಬಾಯಿ ತೆರೆಯಿತು. ರುಮಾಲಿನಿಂದ ಬಾಯಿ ಕಟ್ಟಿ, ಬುದ್ಧಿ ಹೇಳಿ ಕಳಿಸಿದೆ."

ದೊರೆ ಉಂಗುರ ತೊಡಿಸಿದ.

ಮೂರನೇ ದಿನ ಅವನೆಂದ: "ಮಹಾಪ್ರಭು, ಹೊಳೆ ಉಕ್ಕಿ ಊರಿಗೆ ನುಗ್ಗಿತು. ಎದೆಯೊಡ್ಡಿ ನಿಂತೆ. ಹೊಳೆ ಹೆದರಿ ಹಿಂದಕ್ಕೆ ಓಡಿ ಬೆಟ್ಟ ಹತ್ತಿತು."

ಹೊಳೆ ಬೆಟ್ಟ ಹತ್ತಿತಂತೆ! ಒಬ್ಬನಾದರೂ ನಗಬೇಕಿತ್ತೋ ಇಲ್ಲವೋ? ಆಸ್ಥಾನದಲ್ಲಿ ಕೂತ ಪಂಡಿತರೆಲ್ಲ ಬಾಯಲ್ಲಿ ಕಡುಬು ತುರುಕಿಕೊಂಡವರ ಹಾಗೆ ಸುಮ್ಮನಿದ್ದರು. ದೊರೆ ಗಿಡ್ಡಯ್ಯನನ್ನು ಕರೆಸಿದ.

"ಎಲಾ, ನೀನೆಷ್ಟು ಹೊತ್ತು ಮುಳುಗಿರ್ತೀಯೋ?"

"ನೂರು ಎಣಿಸೋಷ್ಟು ಹೊತ್ತು ಬುದ್ಧಿ. ಅದಕ್ಕಿಂತ ಹೆಚ್ಚಾದ್ರೆ ಸಾಯ್ತೀನಿ."

ದೊರೆ ಬಿದ್ದು ಬಿದ್ದು ನಕ್ಕ. ಅಜ್ಜನ ಕಾಲದ ಬೆತ್ತವನ್ನು ಕಿತ್ತು ಪ್ರಚಂಡಪ್ಪನ ಕೈಗೆ ಕೊಟ್ಟ. ನಿಜ ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ ಇದು. ಗಿಡ್ಡಯ್ಯ ಬರಿಗೈಯಲ್ಲಿ ಮನೆಗೆ ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

ಭತ್ತ ಹೊಡೆ ತುಂಬಿ ತೆನೆಗೆ ಹಾಲಿಳಿಯುವ ಕಾಲ ಬಂತು. ಆಗ ನೀರಿಲ್ಲದಿದ್ದರೆ ಕಾಳೆಲ್ಲ ಜೊಳ್ಳು. ರೈತರು ಪ್ರಚಂಡಪ್ಪನ ಬಾಗಿಲಿಗೆ ಹೋದರು.

"ಇವತ್ತು ಅಮಾವಾಸ್ಯೆ, ನೀರು ಮುಟ್ಟಬಾರದು" ಅಂದ.

ನಾಲ್ಕು ದಿನ ಬಿಟ್ಟು ಹೋದರು. "ಗಂಗಮ್ಮ ನಿದ್ದೆ ಮಾಡ್ತಿದ್ದಾಳೆ, ಎಬ್ಬಿಸಬಾರದು" ಅಂದ.

ಮತ್ತೆ ನಾಲ್ಕು ದಿನ ಬಿಟ್ಟು ಹೋದರು. "ತೂಬಿನ ಮೇಲೆ ತೊಂಬತ್ತು ಮಾರು ಉದ್ದದ ಮೊಸಳೆ ಕೂತಿದೆ. ದಿನಾ ಅದರ ಜೊತೆ ಕುಸ್ತಿ ಆಡ್ತಿದ್ದೇನೆ. ಇನ್ನೇನು ಸೋಲುತ್ತೆ" ಅಂದ.

ಗದ್ದೆ ಬಿರುಕು ಬಿಟ್ಟಿತು. ಗಿಡ್ಡಯ್ಯನ ಹೆಂಡತಿ ಸಣ್ಣಮ್ಮ ಒಂದು ತೆನೆ ತಂದು ಅವನ ಮುಂದೆ ಹಿಸುಕಿದಳು. ಒಳಗೆ ಹಾಲಿರಲಿಲ್ಲ.

"ಊರು ಉಪವಾಸ ಬೀಳುತ್ತೆ ಕಣಯ್ಯ. ಕದ್ದಾದ್ರೂ ಹೋಗಿ ತೂಬು ತೆಗಿ."

"ತೆಗೆದ್ರೆ ನನ್ನ ಕೈ ಹೋಗುತ್ತೆ, ಹೆಸರು ಅವನಿಗೆ ಬರುತ್ತೆ."

"ಹಂಗಾದ್ರೆ ಅವನು ಸುಳ್ಳ ಅಂತ ದೊರೆಗೆ ಹೇಳು."

"ಮೆಲ್ಲಗೆ ಹೇಳಿದ್ದು ಆ ಕಿವಿಗೆ ಇಳಿಯಲ್ಲ ಸಣ್ಣಮ್ಮಾ. ಅವನ ಡೋಲನ್ನ ಅವನಿಗಿಂತ ಜೋರಾಗಿ ನಾನೇ ಬಾರಿಸ್ತೀನಿ, ನೋಡ್ತಿರು."

ಮರುದಿನ ಅರಮನೆಗೆ ಹೋಗಿ ಅಡ್ಡಬಿದ್ದ. "ಬುದ್ಧಿ, ನಾನು ಮೂರ್ಖ. ಮೊಸಳೆ ಇರೋದು ನಿಜ. ನಮ್ಮ ಪ್ರಚಂಡಪ್ಪನೋರು ಅದನ್ನ ಹೂಂಕರಿಸಿ ಹೊಡೀತಾರಂತೆ. ಇಂಥ ಕಾಳಗ ತಾವು ನೋಡದಿದ್ರೆ ಸಿಂಹಾಸನಕ್ಕೇ ಕುಂದು. ಕೆರೆ ಏರಿ ಮೇಲೆ ಡೇರೆ ಹಾಕಿಸಿ. ಮೂರು ದಿನದ ಅಡಿಗೆ ಮಾಡಿಸಿ, ಅವರು ನೀರಿಂದ ಮೇಲೇಳೋದು ತಡ ಆಗಬಹುದು. ಹಗ್ಗ ನಾನು ಹಿಡೀತೀನಿ."

ದೊರೆ ಕುಣಿದಾಡಿದ. ಡೇರೆ ಎದ್ದಿತು, ಒಲೆ ಉರಿಯಿತು, ಊರೆಲ್ಲ ಏರಿ ಹತ್ತಿತು. ಪ್ರಚಂಡಪ್ಪನನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದರು. ಅವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. ಇಲ್ಲವೆಂದರೆ ಮಾನ ಹೋಗುತ್ತದೆ, ಹೂಂ ಅಂದರೆ ಪ್ರಾಣ ಹೋಗುತ್ತದೆ. ಅಂಥವರು ಆರಿಸಿಕೊಳ್ಳುವುದು ಯಾವಾಗಲೂ ಡೌಲನ್ನೇ. ಮೀಸೆ ತಿರುವಿ ಇಳಿದ.

ಮೊಣಕಾಲುದ್ದ ನೀರಿಗೆ ಹೋದ, ನಿಂತ. "ಇನ್ನೂ ಮುಂದೆ ಸ್ವಾಮೀ!" ಅಂದ ಗಿಡ್ಡಯ್ಯ. ಸೊಂಟದುದ್ದಕ್ಕೆ ಹೋದ, ನಿಂತ. "ಇನ್ನೂ ಮುಂದೆ ಸ್ವಾಮೀ!" ಎದೆಯುದ್ದಕ್ಕೆ ಹೋದ. ಅಲ್ಲಿ ಕಾಲಿಗೆ ಜೊಂಡು ತೊಡರಿತು. ಜಾರಿದ, ಗುಳುಗುಳು ನೀರು ಕುಡಿದ.

"ಅಯ್ಯಯ್ಯೋ, ಎಳೆಯೋ ಗಿಡ್ಡಾ!"

"ಬುದ್ಧಿ, ಎಳೀಲಾ?" ಅಂತ ಗಿಡ್ಡಯ್ಯ ಕೇಳಿದ.

ದೊರೆ ಚಪ್ಪಾಳೆ ತಟ್ಟಿದ. "ಯಾಕೆ ಎಳೀತೀಯ? ಏಳು ಸಮುದ್ರ ಈಜಿದವನು!"

"ಸುಳ್ಳು ಮಹಾಪ್ರಭೂ! ನಾನು ಸಮುದ್ರ ಕಂಡೇ ಇಲ್ಲ! ಎಳಿ ಗಿಡ್ಡಣ್ಣಾ!"

"ಆಹಾ, ಎಂಥ ವಿನಯ!" ಅಂದ ದೊರೆ. "ಮೊಸಳೆಯ ಬಾಯಿ ಕಟ್ಟಿದವನು, ನೋಡ್ರೋ!"

"ಅದೂ ಸುಳ್ಳು! ಹಲ್ಲಿ ಕಂಡರೂ ಹೆದರ್ತೀನಿ! ಎಳೀರಿ ಗಿಡ್ಡಯ್ಯನೋರೇ!"

"ಎದೆಯೊಡ್ಡು ಪ್ರಚಂಡಾ! ಕೆರೆಯನ್ನೇ ಬೆಟ್ಟ ಹತ್ತಿಸು!"

"ಎಲ್ಲಾ ಸುಳ್ಳು! ಹುಟ್ಟಿದಾಗಿಂದ ಹೇಳಿದ್ದೆಲ್ಲಾ ಸುಳ್ಳು! ನಂಗೆ ಈಜೇ ಬರಲ್ಲ! ಎಳಿಯೋ ನಮ್ಮಪ್ಪಾ, ನನ್ನ ಹೆತ್ತಪ್ಪಾ!"

ಇಷ್ಟು ಜೋರಾದ ದನಿ ದೊರೆ ಈವರೆಗೆ ಕೇಳಿರಲಿಲ್ಲ. ಜೋರಾಗಿದ್ದರಿಂದ ಕಡೆಗೂ ನಂಬಿದ. ಅವನ ಕೈ ಚಪ್ಪಾಳೆಯ ನಡುವೆಯೇ ನಿಂತುಹೋಯಿತು. "ಎಳಿ" ಅಂದ.

ಗಿಡ್ಡಯ್ಯ ಎಳೆದು ಏರಿಯ ಮೇಲೆ ಹಾಕಿದ. ನೆಂದ ಮೀಸೆ ಗಲ್ಲಕ್ಕೆ ಅಂಟಿತ್ತು. ಊರಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗಂಡಸರು ಸೆರಗಿಲ್ಲದೆ ನಕ್ಕರು. ದೊರೆ ತಾನೇ ಎದ್ದು ಬೆತ್ತ ತಂದು ಕೊಟ್ಟ. ಗಿಡ್ಡಯ್ಯ ಅದನ್ನು ಕಣ್ಣಿಗೊತ್ತಿಕೊಂಡ.

"ಬುದ್ಧಿ, ಇವನು ಬಾಯಿ ಇದ್ದದ್ದಕ್ಕೆ ಬೊಗಳೆ ಬಿಟ್ಟ. ತಾವು ಕಿವಿ ಇದ್ದದ್ದಕ್ಕೆ ನಂಬಿದಿರಿ. ಒಣಗಿದ್ದು ಮಾತ್ರ ನಮ್ಮ ಗದ್ದೆ."

ದೊರೆ ತಲೆ ತಗ್ಗಿಸಿದ. ಗಿಡ್ಡಯ್ಯ ಹಗ್ಗವನ್ನು ಸಣ್ಣಮ್ಮನ ಕೈಗೆ ಕೊಟ್ಟು ಮುಳುಗಿದ. ಬೆಣೆ ಕಿತ್ತ. ಕಾಲುವೆ ತುಂಬಿ ನೀರು ಬಿರುಕಿನೊಳಗೆ ಇಳಿಯಿತು. ಅರ್ಧ ಬೆಳೆ ಉಳಿಯಿತು, ಅರ್ಧ ಜೊಳ್ಳಾಯಿತು. ಆ ವರ್ಷ ಊರು ಒಂದೇ ಹೊತ್ತು ಉಂಡಿತು. ಸುಳ್ಳು ಒಪ್ಪಿಕೊಂಡ ಮಾತ್ರಕ್ಕೆ ಒಣಗಿದ ತೆನೆಗೆ ಹಾಲು ಬರುತ್ತದೆಯೇ?

ಚೆನ್ನಿಗನಿಗೆ ಕಾಲುವೆಯ ಹೂಳೆತ್ತುವ ಕೆಲಸ ಕೊಟ್ಟರು. ಮೂರು ಮಂಕರಿ ಮಣ್ಣು ಎತ್ತಿ ಕೂತಿದ್ದಾಗ ದಾರಿಹೋಕನೊಬ್ಬ ಮಾತಾಡಿಸಿದ. "ಈ ಕಾಲುವೆ ಯಾರು ತೋಡಿದ್ದಪ್ಪಾ?"

ಚೆನ್ನಿಗ ಸುತ್ತ ನೋಡಿದ. ಯಾರೂ ಇರಲಿಲ್ಲ. ಮೀಸೆ ತಿರುವಿದ. "ನಾನೇ, ಒಂದೇ ದಿನದಲ್ಲಿ" ಅಂದ.

ನಾಯಿ ಬಾಲ ಡೊಂಕೇ ಮಕ್ಕಳೇ, ಅದನ್ನು ನೆಟ್ಟಗೆ ಮಾಡುವ ಗೊಡವೆ ನಮಗೆ ಬೇಡ. ಬಡಾಯಿ ಕೊಚ್ಚುವವನು ಒಂದು ದಿನ ಮುಳುಗಿಯೇ ಮುಳುಗುತ್ತಾನೆ, ಅವನ ಪಾಡು ಅವನಿಗೆ. ಆದರೆ ಅವನಿಗೆ ಚಪ್ಪಾಳೆ ತಟ್ಟುವವರಿದ್ದಾರಲ್ಲ, ಅವರು ಊರನ್ನೂ ಜೊತೆಗೆ ಮುಳುಗಿಸುತ್ತಾರೆ. ಅದಕ್ಕೇ, ಚಪ್ಪಾಳೆ ತಟ್ಟುವ ಮೊದಲು ಕೆಲಸ ನೋಡಿ.