ಸಲೀಸಾದ ಹೆರಿಗೆ

“ಗುರುಗಳೇ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಅಂಥ ತಾಯಿಯ ಕೈಯಿಂದಲೂ ಮಕ್ಕಳಿಗೆ ಕೇಡಾಗುವುದುಂಟೇ?” ಎಂದು ಶಿಷ್ಯ ಕೇಳಿದ.

“ಉಂಟಪ್ಪ, ಕೇಳು,” ಎಂದು ಗುರುಗಳು ಕತೆ ತೆಗೆದರು.

ಒಬ್ಬ ರೈತನ ಹೆಂಡತಿ ಇದ್ದಳು. ಗಿಡ್ಡ ದೇಹ, ಸಣಕಲು ಮೈ. ಚೊಚ್ಚಲ ಹೆರಿಗೆಯಲ್ಲಿ ದಿನಗಟ್ಟಲೆ ನರಳಿ, ಸತ್ತು ಬದುಕಿದವಳು. ಆಗ ಹುಟ್ಟಿದ ಮಗಳು ಈಗ ಬಸುರಿಯಾಗಿ ತವರಿಗೆ ಬಂದಳು. ತಾಯಿಯ ಎದೆ ಝಲ್ಲೆಂದಿತು. ತನ್ನ ಪಾಡು ಮಗಳಿಗೆ ಬರಬಾರದು, ಶಿವನೇ! ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗುತ್ತದೆ, ದಪ್ಪ ಕೂಸು ಸುಲಭಕ್ಕೆ ಹೊರಗೆ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದು ಅವಳ ತಲೆಯಲ್ಲಿತ್ತು. ಅಂದಿನಿಂದ ಮಗಳ ತಟ್ಟೆಗೆ ಅರ್ಧ ಮುದ್ದೆ, ನೀರು ಮಜ್ಜಿಗೆ. ಬೇಳೆ ಎಂದರೆ ವಾಯು, ಮೊಟ್ಟೆ ಎಂದರೆ ಉಷ್ಣ, ಸೊಪ್ಪು ಎಂದರೆ ಶೀತ. ಮನೆಯಲ್ಲಿ ಎಲ್ಲವೂ ಇತ್ತು, ಮಗಳಿಗೆ ಮಾತ್ರ ಯಾವುದೂ ಆಗದು. “ಅವ್ವಾ, ಹಸಿವು” ಎಂದಾಗಲೆಲ್ಲ ತಾಯಿ ಕಣ್ಣೊರೆಸಿಕೊಂಡೇ ಬೇಡವೆಂದಳು. ಆ ಹೊತ್ತು ತಾನೂ ಅರೆಹೊಟ್ಟೆಯಲ್ಲೇ ಎದ್ದಳು.

ಒಂದು ದಿನ ಮಗಳ ಅತ್ತೆ ಕಡಲೆಕಾಯಿ ಉಂಡೆ ಕಟ್ಟಿಕೊಂಡು ಬಂದಳು. ಸೊಸೆಯ ಬಿಳಿಚಿದ ಮುಖ ಕಂಡು ಸಿಡಿದೆದ್ದಳು. “ಇದೇನು ಬೀಗರೇ, ಎರಡು ಜೀವದವಳನ್ನು ಉಪವಾಸ ಕೆಡವಿದ್ದೀರಲ್ಲ! ನೀವು ನರಳಿದ್ದು ಕೂಸು ದಪ್ಪವಿತ್ತೆಂದಲ್ಲ. ಚಿಕ್ಕಂದಿನಲ್ಲಿ ಹೊಟ್ಟೆಗಿಲ್ಲದೆ ನಿಮ್ಮ ಮೈಯೇ ಬೆಳೆದಿರಲಿಲ್ಲ. ಬೆಳೆಯದ ಮೈಗೆ ಹೆರಿಗೆ ಕಷ್ಟವೇ.”

“ಹೆತ್ತವಳ ಸಂಕಟ ನನಗೆ ಗೊತ್ತು, ನೀವು ಸುಮ್ಮನಿರಿ,” ಎಂದು ತಾಯಿ ಉಂಡೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದಳು.

ಹೆರಿಗೆಯೇನೋ ಸಲೀಸಾಗಿ ಆಯಿತು. “ನೋಡಿದಿರಾ!” ಎಂದು ತಾಯಿ ದೇವರಿಗೆ ಕೈಮುಗಿದಳು. ಆಮೇಲೆ ಕೂಸನ್ನು ನೋಡಿದಳು. ಅಂಗೈಯಗಲದ ಕೂಸು. ಅಳಲು ದನಿಯಿಲ್ಲ, ಮೊಲೆ ಚೀಪಲು ಕಸುವಿಲ್ಲ. ಬಾಣಂತಿಗೆ ಎದ್ದು ಕೂರಲೂ ತ್ರಾಣವಿಲ್ಲ. ತಾಯಿ ಬಾಯಿ ಬಾಯಿ ಬಡಿದುಕೊಂಡು ಅತ್ತಳು. ಕೊನೆಗೆ ಅಜ್ಜಿಯರಿಬ್ಬರೂ ಸೇರಿ, ಎದೆಗೊತ್ತಿ ಬೆಚ್ಚಗಿಟ್ಟು, ಹನಿ ಹನಿ ಹಾಲು ಹಿಂಡಿ ಕೂಸನ್ನು ಉಳಿಸಿಕೊಂಡರು. ಜೀವ ಉಳಿಯಿತು, ಮೈ ಬೆಳೆಯಲಿಲ್ಲ. ವರುಷಗಳು ಕಳೆದರೂ ಅದು ಓರಗೆಯ ಮಕ್ಕಳ ಭುಜಕ್ಕೆ ಬರಲಿಲ್ಲ.

ಶಿಷ್ಯ ನಿಟ್ಟುಸಿರುಬಿಟ್ಟ. “ಸದ್ಯ, ಕೂಸು ಬದುಕಿತಲ್ಲ. ಅಲ್ಲಿಗೆ ಕೇಡು ಕಳೆಯಿತು.”

ಗುರುಗಳು ಹೇಳಿದರು: “ಕೂಸು ಹೆಣ್ಣಪ್ಪ, ನಾಳೆ ಅದೂ ಬಸುರಿಯಾಗುತ್ತದೆ.”