ಮಡುವಿಗೆ ಹಾಕಿದ ಚುರುಮುರಿ

ಹೊಳೆ ಬಳುಕಿ ತಿರುಗುವಲ್ಲಿ ಒಂದು ಮಡು. ಮಡುವಿನ ದಂಡೆಗೆ ನೀಲವ್ವನ ಆಶ್ರಮ. ಅಲ್ಲಿ ಯಾರೂ ಬಲೆ ಬೀಸುತ್ತಿರಲಿಲ್ಲ, ಗಾಳ ಇಳಿಬಿಡುತ್ತಿರಲಿಲ್ಲ.

ಶಿಷ್ಯೆ ಫಕೀರವ್ವ ದೀಕ್ಷೆ ಬೇಡಿದಾಗ ನೀಲವ್ವ ಒಂದೇ ಮಾತು ಹೇಳಿದ್ದಳು: "ಒಂದು ವರ್ಷ ಯಾವ ಜೀವಕ್ಕೂ ನಿನ್ನಿಂದ ಕೇಡಾಗಬಾರದು. ಆಮ್ಯಾಲ ಬಾ."

ಫಕೀರವ್ವ ಇರುವೆಗೂ ದಾರಿ ಬಿಟ್ಟು ನಡೆದಳು. ಅದೂ ಸಾಲದೆಂದು ದಿನಾ ಬೆಳಿಗ್ಗೆ ತನ್ನ ಪಾಲಿನ ಚುರುಮುರಿಯನ್ನು ಡಬ್ಬಿಯಲ್ಲಿ ಮಡುವಿಗೆ ಒಯ್ಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಡಬ್ಬಿ ತಟ್ಟಿದರೆ ಸಾಕು, ಬೆರಳುದ್ದದ ಬೆಳ್ಳಿಮೀನುಗಳು ಮುತ್ತುತ್ತಿದ್ದವು. ಅವಳು ಕಣ್ಣು ಮುಚ್ಚಿ, ಶಿವನಾಮ ಹೇಳುತ್ತ ಎರಚುತ್ತಿದ್ದಳು.

"ಮೀನು ಕೊಬ್ಬ್ಯಾವ, ನೀ ಸೊರಗೀದಿ," ಎಂದು ನೀಲವ್ವ ದಿನಾ ಅನ್ನುತ್ತಿದ್ದಳು.

ಫಕೀರವ್ವನಿಗೆ ಅದು ಹೊಗಳಿಕೆ.

ವರ್ಷ ತುಂಬಲು ಒಂದು ದಿನ ಉಳಿದಿತ್ತು. ಸಂತೋಷಕ್ಕೋ ಏನೋ, ಅಂದು ಅವಳು ಕಣ್ಣು ಮುಚ್ಚಲಿಲ್ಲ.

ಆಳದಿಂದ ಮೀಸೆಯ ಬಾಳೆಮೀನು ನುಗ್ಗಿತು. ಕಲ್ಲಿನ ಸಂದಿಯಿಂದ ಹಾವಿನ ತಲೆಯ ಕುಚ್ಚುಮೀನು ಹಾರಿತು. ಒಂದೇ ಬೆಳ್ಳಿಮೀನಿನ ಮರಿಗೆ ಎರಡೂ ಬಾಯಿ ಹಾಕಿದವು. ಅದು ತಲೆ ಹಿಡಿಯಿತು, ಇದು ಬಾಲ. ಎಳೆದಾಟಕ್ಕೆ ಮೈಮೇಲಿನ ಹುರುಪೆ ಕಿತ್ತುಬಂದು ನೀರಿನಲ್ಲೆಲ್ಲ ಮಿನುಗಿತು.

ಫಕೀರವ್ವ ಚೀರಿದಳು. ಕೈಗೆ ಸಿಕ್ಕ ಕಲ್ಲನ್ನು ಬಾಳೆಮೀನಿನತ್ತ ಬೀಸಿದಳು.

ನೀಲವ್ವ ಕೋಲೂರಿಕೊಂಡು ಬಂದಳು. "ಏನ ತಂಗಿ, ಆಚಿ ದಂಡಿ ಎಮ್ಮಿ ಸೈತ ಬೆದರಿದ್ವಲ್ಲ!"

"ಅವ್ವಾರ, ಕೊಂದ್ವು! ನನ್ನ ಕಣ್ಣೆದುರಿಗೇ! ಬಾಳೆಮೀನಿಗೆ ಕಲ್ಲು ಒಗದೆ, ಓಡಿ ಹೋತು."

"ಹಂಗಾರ ಮರಿ ಉಳೀತೇನು?"

"ಇಲ್ರಿ. ಕುಚ್ಚುಮೀನು ನುಂಗ್ತು."

"ಕುಚ್ಚುಮೀನಿನ ಪಾಲಿಗೆ ನೀ ದೇವರಾದಿ ಬಿಡು."

ಫಕೀರವ್ವ ನೀರಿನತ್ತ ಕೈ ತೋರಿದಳು. "ಇಷ್ಟು ದೊಡ್ಡ ಮಡು. ಎರಡೂ ಇಲ್ಲಿಗೇ ಯಾಕ ಬರಬೇಕಿತ್ರಿ?"

ನೀಲವ್ವ ಮೆಟ್ಟಿಲಿಗೆ ಬಗ್ಗಿದಳು. ಖಾಲಿ ಡಬ್ಬಿ ಎತ್ತಿಕೊಂಡು ಬೆರಳಿನಿಂದ ತಟ್ಟಿದಳು.

ಬೆಳ್ಳಿಮೀನುಗಳಿಗಿಂತ ಮೊದಲು ಅವು ಬಂದವು. ಈ ಪಕ್ಕ ಬಾಳೆ, ಆ ಪಕ್ಕ ಕುಚ್ಚು. ಊಟದ ಹೊತ್ತಿಗೆ ಹೊಸ್ತಿಲು ಕಾಯುವ ನಾಯಿಗಳ ಹಾಗೆ, ಎರಡೂ ಮೆಟ್ಟಿಲಿಗೆ ಮುಖ ಮಾಡಿ ನಿಂತವು.

ಫಕೀರವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನನ್ನ... ನನ್ನ ಕಾಯಾಕ ಹತ್ಯಾವೇನ್ರಿ?"

"ನಾ ಅಂಬಿಗರ ಮಗಳು. ಬಲೆ ಬೀಸೂ ಮೊದಲು ನಮ್ಮಪ್ಪನೂ ಚುರುಮುರಿ ಒಗೀತಿದ್ದ."

ಫಕೀರವ್ವ ಮೆಟ್ಟಿಲ ಮೇಲೆ ಕೂತಳು. "ಗೊತ್ತಿದ್ದೂ ವರ್ಷಪೂರ್ತಿ ಸುಮ್ಮನಿದ್ರೇನ್ರಿ?"

"ದಿನಾ ಹೇಳಿದ್ನಲ್ಲ, ಮೀನು ಕೊಬ್ಬ್ಯಾವ ಅಂತ. ಯಾವ ಮೀನು ಅಂತ ನೀ ಒಂದಿನಾನೂ ಕೇಳಲಿಲ್ಲ."

ನೀರಿನಲ್ಲಿ ಎರಡೂ ಇನ್ನೂ ಕಾಯುತ್ತಿದ್ದವು.

"ನಾಳೆ ನನ್ನ ವರ್ಷ ತುಂಬೂದಿತ್ತು, ಅವ್ವಾರ."

ನೀಲವ್ವ ಖಾಲಿ ಡಬ್ಬಿಯನ್ನು ಅವಳ ಮಡಿಲಿಗೆ ಇಟ್ಟಳು.

"ನೀ ಕಣ್ಣು ತೆರದದ್ದು ಇವತ್ತ. ನಾಳೆ ಎರಡನೇ ದಿನ."