ಕಾವಿನ ಪೆಟ್ಟಿಗೆ ಮತ್ತು ಕೆಂಪು ಕೋಳಿ

ಫಕೀರವ್ವನ ಕೋಳಿಮನೆಗೆ ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆಯೊಂದು ಬಂತು. ಅದರ ಬಿಸಿ ಅಳೆಯುವ ಸೆನ್ಸರ್ ಮಾತ್ರ ಅಗ್ಗದ ಮಾಲು. ಪೆಟ್ಟಿಗೆಗೋ ಅದರ ಮಾತೇ ವೇದವಾಕ್ಯ. ಅದು ಸಾಕೆನ್ನುವ ತನಕ ಬಲ್ಬು ಉರಿಸುತ್ತಿತ್ತು.

ಒಳಗೆ ಮೊಟ್ಟೆ ಜೋಡಿಸಿದ ಹತ್ತನೆಯ ದಿನ ಕೆಂಪು ಕೋಳಿ ಪೆಟ್ಟಿಗೆಗೆ ಎದೆಯೊತ್ತಿ ನೋಡಿತು. "ಅಯ್ಯಾ, ಒಳಗೆ ಬಿಸಿ ಮಿತಿಮೀರಿದೆ. ಬಲ್ಬು ಆರಿಸು."

"ಸೆನ್ಸರ್ ಮೂವತ್ತೇಳು ಡಿಗ್ರಿ ಎನ್ನುತ್ತಿದೆ, ಮೊಟ್ಟೆಗೆ ಬೇಕಾದಷ್ಟೇ. ಅದಕ್ಕಿಂತ ನೀನು ಬಲ್ಲೆಯಾ?" ಎಂದಿತು ಪೆಟ್ಟಿಗೆ.

"ಅದು ಏನಾದರೂ ಹೇಳಲಿ, ಮೊಟ್ಟೆ ಬೇಯುತ್ತಿದೆ!" ಎಂದು ಕೋಳಿ ಕೇರಿಗೆಲ್ಲ ಕೇಳುವಂತೆ ಕೂಗಿತು. ಫಕೀರವ್ವ ಓಡಿಬಂದು ಬಾಗಿಲು ತೆರೆದಳು. ಮೇಲಿನ ತಟ್ಟೆಯ ಮೊಟ್ಟೆಗಳು ಆಗಲೇ ಕೆಟ್ಟಿದ್ದವು. ಕೆಳಗಿನ ಹದಿನೈದು ಉಳಿದಿದ್ದವು.

ಪೆಟ್ಟಿಗೆಗೆ ದುಃಖ ಒತ್ತರಿಸಿ ಬಂತು. "ಅಕ್ಕಾ, ನನ್ನ ಕೈಯಾರೆ ಕೊಂದೆನಲ್ಲ!"

"ಅಳುವುದು ಆಮೇಲಾಯಿತು. ಇವಕ್ಕೆ ಇನ್ನೂ ಹನ್ನೊಂದು ದಿನ ಕಾವು ಬೇಕು," ಎಂದು ಕೋಳಿ ಹದಿನೈದರ ಮೇಲೂ ತಾನೇ ಕುಳಿತಿತು. ಅಷ್ಟರಲ್ಲಿ ಫಕೀರವ್ವ ಹಳೆಯ ಸೆನ್ಸರ್ ಕಿತ್ತು, ಒಳ್ಳೆಯದನ್ನು ಹಾಕಿಸಿ, ಪೆಟ್ಟಿಗೆಯನ್ನು ಖಾಲಿಯಾಗಿಯೇ ಓಡಿಸಿ ಪರೀಕ್ಷಿಸಿದಳು.

ಮರಿಗಳು ಹೊರಬಂದವು. ತಾಯಿಯ ರೆಕ್ಕೆಯಡಿ ಜಾಗ ಸಾಲದೆ ನಾಲ್ಕು ಮರಿ ಚಳಿಗೆ ನಡುಗುತ್ತಿದ್ದವು. ಕೋಳಿ ಪೆಟ್ಟಿಗೆಯತ್ತ ನೋಡಿತು.

"ನನ್ನಲ್ಲಿಗೆ ಕಳಿಸು, ಅಕ್ಕಾ," ಎಂದಿತು ಪೆಟ್ಟಿಗೆ. "ಹೊಸ ಸೆನ್ಸರ್ ಒಳ್ಳೆಯದೇ. ಆದರೂ ಬಾಗಿಲು ತೆರೆದಿರಲಿ. ಬಿಸಿ ಹೆಚ್ಚೆನಿಸಿದರೆ ಮರಿಗಳು ತಾವಾಗಿಯೇ ಹೊರಗೆ ಬರಲಿ."

ಕೋಳಿ ನಾಲ್ಕನ್ನೂ ಕೊಕ್ಕಿನಿಂದ ಮೆಲ್ಲಗೆ ಒಳಗೆ ನೂಕಿತು. ಅವು ಒಂದಕ್ಕೊಂದು ಒತ್ತಿಕೊಂಡು ಕುಳಿತು, ಅಲ್ಲೇ ನಿದ್ದೆಹೋದವು.